ಮೊದಲ ವಾರದ ಕರಾರು

ಪುಣೆಯ ಕೋಥರೂಡದಲ್ಲಿ ಓದಲು ಮೇಜು ಬಾಡಿಗೆಗೆ ಸಿಗುತ್ತದೆ. ತಿಂಗಳ ಲೆಕ್ಕಕ್ಕೆ ಒಂದು ಕುರ್ಚಿ, ಪಕ್ಕದವರ ಮುಖ ಕಾಣದಂತೆ ಹಲಗೆಯ ಮರೆಯಿರುವ ಒಂದು ಮೇಜು, ಒಂದು ದೀಪ, ಚಾರ್ಜಿಂಗ್ ಪ್ಲಗ್ಗು, ವೈಫೈ. ಮರಾಠಿಯವರು ಇಂಥ ಕೋಣೆಗೆ ‘ಅಭ್ಯಾಸಿಕಾ’ ಎನ್ನುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರನ್ನು ನಂಬಿಕೊಂಡಿರುವ ಈ ಕೋಣೆಗಳು ಆನ್‌ಲೈನ್ ಕೋರ್ಸಿನ ವಿದ್ಯಾರ್ಥಿಗಳಿಗೂ ಆಸರೆ. ಮೂವರು ಹಂಚಿಕೊಂಡ ಪಿ.ಜಿ. ಕೋಣೆಗಿಂತ ಇಲ್ಲಿ ಗದ್ದಲ ಕಡಿಮೆ. ಮಾತಾಡಬಾರದು ಎಂಬುದೇ ಇಲ್ಲಿನ ಮೊದಲ ನಿಯಮ. ಅತ್ತ ಲೈವ್ ತರಗತಿಯಲ್ಲಿ ಅಧ್ಯಾಪಕರು ‘ಮೈಕ್ ಆನ್ ಮಾಡಿ ಉತ್ತರ ಹೇಳಿ’ ಎಂದು ಹೆಸರು ಹಿಡಿದು ಕರೆದರೆ ಇಲ್ಲಿ ಕೂತ ಹುಡುಗ ಸುಮ್ಮನಿರಲೇಬೇಕು. ಅಧ್ಯಾಪಕರ ಲೆಕ್ಕದಲ್ಲಿ ಅವನು ಆಸಕ್ತಿಯಿಲ್ಲದವನು. ಅಭ್ಯಾಸಿಕಾ ನಡೆಸುವವರ ಕಣ್ಣಲ್ಲಿ ಶಿಸ್ತಿನವನು.

ಅಧ್ಯಾಪಕರದೂ ತಪ್ಪಿಲ್ಲ, ಹುಡುಗನದೂ ತಪ್ಪಿಲ್ಲ. ತಾವೇನು ಬಯಸುತ್ತೇವೆ ಎಂಬುದು ಅಧ್ಯಾಪಕರಿಗೆ ಗೊತ್ತಿತ್ತು, ಮೊದಲೇ ಹೇಳಿರಲಿಲ್ಲ. ತನ್ನಿಂದ ಏನಾಗದು ಎಂಬುದು ಹುಡುಗನಿಗೆ ಗೊತ್ತಿತ್ತು, ಹೇಳಿಕೊಳ್ಳಲು ಅವಕಾಶವಿರಲಿಲ್ಲ. ಆನ್‌ಲೈನ್ ಶಿಕ್ಷಣದ ಬಗ್ಗೆ ನಮ್ಮ ಚರ್ಚೆಯೆಲ್ಲ ನೆಟ್‌ವರ್ಕು, ಆ್ಯಪು, ಲ್ಯಾಪ್‌ಟಾಪುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಎಷ್ಟೋ ಕೋರ್ಸುಗಳು ಕೆಡುವುದು ಅದಕ್ಕಿಂತ ಸರಳವಾದ ಕಾರಣಕ್ಕೆ. ಯಾರು ಯಾರಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು ಮೊದಲ ವಾರದಲ್ಲಿ ಯಾರೂ ಬಿಡಿಸಿ ಹೇಳಿರುವುದಿಲ್ಲ. ಹಾಗೆ ಹೇಳದೆ ಬಿಟ್ಟಾಗ ಆಗುವ ನಷ್ಟ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಮನೆಯಲ್ಲಿ ಕಾಲೇಜು ಕಂಡವರಿದ್ದರೆ ಮಕ್ಕಳು ಹೇಗೋ ಊಹಿಸಿಕೊಳ್ಳುತ್ತಾರೆ. ಮನೆತನಕ್ಕೇ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತಿದವರು ಮುಗ್ಗರಿಸುತ್ತಾರೆ.

ಕಟ್ಟಡ ತಾನೇ ಹೇಳುತ್ತಿತ್ತು

ಮೊದಲಿಗರ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಧೋಂಡೊ ಕೇಶವ ಕರ್ವೆ ವಿಧವೆಯರಿಗಾಗಿ 1896ರಲ್ಲಿ ಕೈಗೆತ್ತಿಕೊಂಡ ಆಶ್ರಮದ ಕೆಲಸ 1900ರಲ್ಲಿ ಕೋಥರೂಡಕ್ಕೆ ತಾಗಿದ ಹಿಂಗಣೆಗೆ, ಇಂದಿನ ಕರ್ವೆನಗರಕ್ಕೆ ಬಂತು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಕರ್ವೆ ಊರಿನಿಂದ ಅಲ್ಲಿಗೆ ನಡೆದೇ ಹೋಗಿ ಪಾಠ ಹೇಳುತ್ತಿದ್ದರು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದಾಗ ಬೋಧನೆ ಮಾತೃಭಾಷೆಯಲ್ಲಿ ನಡೆಯಬೇಕೆಂದು ಪಟ್ಟು ಹಿಡಿದರು. ಅಲ್ಲಿಗೆ ಬರುತ್ತಿದ್ದ ಹೆಣ್ಣುಮಕ್ಕಳಿಗೆ ಶಾಲೆಯೆಂದರೆ ಹೇಗಿರುತ್ತದೆ ಎಂದು ಹೇಳಿಕೊಡಲು ಮನೆಯಲ್ಲಿ ಯಾರೂ ಇರಲಿಲ್ಲ. ಅದನ್ನು ಸಂಸ್ಥೆಯೇ ಹೇಳಿಕೊಡಬೇಕಿತ್ತು.

ಇಂದು ಪೌಡ್ ರಸ್ತೆಯಲ್ಲಿ 1983ರಲ್ಲಿ ಶುರುವಾಗಿ 2017ರಲ್ಲಿ ವಿಶ್ವವಿದ್ಯಾಲಯವಾದ ಎಂಐಟಿ ಇದೆ. ಕರ್ವೆನಗರದಲ್ಲಿ ಹೆಣ್ಣುಮಕ್ಕಳ ಕಮಿನ್ಸ್ ಎಂಜಿನಿಯರಿಂಗ್ ಕಾಲೇಜು, ನೆರೆಯ ಎರಂಡವಣೆಯ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘದ ಶಾಲೆ, ಕಾಲೇಜು. ಜತ್ತ, ಅಕ್ಕಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಕನ್ನಡದ ಮಕ್ಕಳಿಗೆ ಪುಣೆ ದೂರದ ಊರಲ್ಲ. ಒಂದೇ ಓಣಿಯಲ್ಲಿ ಮೂರು ತಲೆಮಾರಿನಿಂದ ಪದವೀಧರರಿರುವ ಫ್ಲ್ಯಾಟು, ಅದರ ಮಗ್ಗುಲಲ್ಲೇ ಮೊದಲ ಸಲ ಊರು ಬಿಟ್ಟ ಹುಡುಗರ ಪಿ.ಜಿ. ಎರಡೂ ಕಡೆಯ ಮಕ್ಕಳು ಒಂದೇ ಕೋರ್ಸಿಗೆ ಲಾಗಿನ್ ಆಗುತ್ತಾರೆ.

ಇಟ್ಟಿಗೆ ಗಾರೆಯ ಕಾಲೇಜಾಗಿದ್ದರೆ ಅವರಿಬ್ಬರ ನಡುವಿನ ಅಂತರವನ್ನು ಕಟ್ಟಡವೇ ಒಂದಿಷ್ಟು ತುಂಬುತ್ತಿತ್ತು. ಗಂಟೆ ಹೊಡೆದರೆ ಏಳಬೇಕು, ನೋಟಿಸ್ ಬೋರ್ಡಿನ ಮುಂದೆ ಗುಂಪು ಕಂಡರೆ ಇಣುಕಬೇಕು, ಜೆರಾಕ್ಸ್ ಅಂಗಡಿಯಲ್ಲಿ ಸಾಲು ಬೆಳೆದರೆ ಪರೀಕ್ಷೆ ಹತ್ತಿರ ಬಂತೆಂದು ತಿಳಿಯಬೇಕು. ಯಾವ ಅಧ್ಯಾಪಕರು ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಯಾರು ಪ್ರಶ್ನೆ ಕೇಳಿದರೆ ಖುಷಿಪಡುತ್ತಾರೆ ಎಂಬುದನ್ನು ಸೀನಿಯರುಗಳು ಕ್ಯಾಂಟೀನಿನಲ್ಲಿ ಹೇಳುತ್ತಿದ್ದರು. ಪಕ್ಕದವನು ಬರೆದುಕೊಳ್ಳುತ್ತಿದ್ದಾನೆಂದರೆ ನಾವೂ ಬರೆದುಕೊಳ್ಳುತ್ತಿದ್ದೆವು. ಹೀಗೆ ಯಾರೂ ಕಲಿಸದೆಯೇ ಕಲಿತ ರೀತಿ ರಿವಾಜುಗಳ ಮೇಲೆ ನಮ್ಮ ಕಾಲೇಜು ಶಿಕ್ಷಣ ನಿಂತಿದೆ. ಪಾಠವನ್ನು ಪರದೆಗೆ ಸಾಗಿಸಿದಾಗ ಸಿಲೆಬಸ್ ಜೊತೆಗೆ ಹೋಯಿತು, ರಿವಾಜು ಕಟ್ಟಡದಲ್ಲೇ ಉಳಿಯಿತು.

ಇದು ಕೋವಿಡ್ ಹೊತ್ತಿನ ಹೊಸ ಸಂಕಟವೂ ಅಲ್ಲ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆಯ ಮೂಲಕ ಪಾಠ ಆರಂಭಿಸಿದವು. 1984ರಲ್ಲಿ ಯುಜಿಸಿಯ ಕಾಲೇಜು ಪಾಠಗಳು ದೂರದರ್ಶನಕ್ಕೆ ಬಂದವು. 2003ರಲ್ಲಿ ಐಐಟಿಗಳ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟಿಇಎಲ್, 2004ರಲ್ಲಿ ಶಿಕ್ಷಣಕ್ಕೆಂದೇ ಹಾರಿದ ಎಜುಸ್ಯಾಟ್ ಉಪಗ್ರಹ, 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ವೇದಿಕೆ. ಪ್ರತಿ ಸಲವೂ ಪಾಠ ತಲುಪಿಸುವ ದಾರಿ ಸುಧಾರಿಸಿತು. ಆದರೆ ಪಾಠ ತಲುಪಿದ ಮೇಲೆ ವಿದ್ಯಾರ್ಥಿ ಏನು ಮಾಡಬೇಕು, ಎಷ್ಟು ಹೊತ್ತು ಮಾಡಬೇಕು, ಎಡವಿದರೆ ಯಾರನ್ನು ಕೇಳಬೇಕು ಎಂಬ ಮಾತಿಗೆ ಅಷ್ಟೇ ಶ್ರದ್ಧೆ ಸಿಗಲಿಲ್ಲ.

ಏಳೂವರೆ ಗಂಟೆಯ ಲೆಕ್ಕ

ಮೊದಲು ಹೇಳಬೇಕಾದದ್ದು ಹೊತ್ತಿನ ಲೆಕ್ಕ. ಆನ್‌ಲೈನ್ ಕೋರ್ಸಿಗೆ ಸೇರುವ ಹೆಚ್ಚಿನವರು ಅದನ್ನು ವೀಡಿಯೊಗಳ ಉದ್ದದಿಂದ ಅಳೆಯುತ್ತಾರೆ. ಎನ್‌ಪಿಟಿಇಎಲ್‌ನ 12 ವಾರದ ಕೋರ್ಸಿನಲ್ಲಿ ಸುಮಾರು 30 ಗಂಟೆಯ ಉಪನ್ಯಾಸಗಳಿರುತ್ತವೆ. ವಾರಕ್ಕೆ ಎರಡೂವರೆ ಗಂಟೆ. ವನಾಜ್ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಇಳಿಯುವುದರೊಳಗೆ ದಿನಕ್ಕೊಂದಿಷ್ಟು ನೋಡಿ ಮುಗಿಸಬಹುದು ಎನ್ನಿಸುತ್ತದೆ.

ಆದರೆ ಆ ಕೋರ್ಸಿಗೆ ಸಿಗುವುದು 3 ಕ್ರೆಡಿಟ್. 2023ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಕಲಿಕೆ. ಪಾಠ ಕೇಳುವುದು, ಓದುವುದು, ಲೆಕ್ಕ ಬಿಡಿಸುವುದು, ಬರೆಯುವುದು, ಪರೀಕ್ಷೆಗೆ ತಯಾರಾಗುವುದು ಎಲ್ಲ ಅದರಲ್ಲೇ ಬರುತ್ತವೆ. ಮೂರು ಕ್ರೆಡಿಟ್ಟಿಗೆ 90 ಗಂಟೆ. 12 ವಾರಕ್ಕೆ ಹಂಚಿದರೆ ವಾರಕ್ಕೆ ಏಳೂವರೆ ಗಂಟೆ. ವೀಡಿಯೊ ನೋಡಿದವರು ಮೂರರಲ್ಲಿ ಒಂದು ಪಾಲು ಕೆಲಸವನ್ನಷ್ಟೇ ಮುಗಿಸಿರುತ್ತಾರೆ. ಉಳಿದ ಐದು ಗಂಟೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಒಂದು ಲೆಕ್ಕವನ್ನು ಮೊದಲ ದಿನವೇ ಕೊಟ್ಟರೆ ಎಷ್ಟೋ ತೀರ್ಮಾನಗಳು ಬದಲಾಗುತ್ತವೆ. ಹಿಂಜವಡಿಯ ಕಂಪನಿಯಲ್ಲಿ ಕೆಲಸ ಮಾಡುತ್ತ ಪದವಿಗೆ ಓದುವವರು ವಾರಕ್ಕೆ ಎರಡು ಕೋರ್ಸು ಹಿಡಿಸೀತೋ ಮೂರೋ ಎಂದು ಮೊದಲೇ ತೂಗಿ ನೋಡಬಹುದು. ಕಾಲೇಜಿನ ಪದವಿಯ ಜೊತೆಗೇ ಇನ್ನೊಂದನ್ನು ಆನ್‌ಲೈನಿನಲ್ಲಿ ಪಡೆಯಲು 2022ರಿಂದ ಯುಜಿಸಿ ಅವಕಾಶ ಕೊಟ್ಟಿದೆ. ಒಂದು ಸೆಮಿಸ್ಟರಿನ 20 ಕ್ರೆಡಿಟ್ ಎಂದರೆ 600 ಗಂಟೆ. ಹದಿನೈದು ವಾರಕ್ಕೆ ಹರಡಿದರೆ ವಾರಕ್ಕೆ 40 ಗಂಟೆ. ಅಂಥವೆರಡನ್ನು ಒಟ್ಟಿಗೆ ಹೊರಲು ಹೊರಟವರಿಗೆ ಕಾನೂನು ಅಡ್ಡಿ ಬರದಿದ್ದರೂ ಗಡಿಯಾರ ಅಡ್ಡಿ ಬರುತ್ತದೆ.

ಅಂಕಗಳ ಲೆಕ್ಕವೂ ಹೀಗೇ. ಎನ್‌ಪಿಟಿಇಎಲ್‌ನಲ್ಲಿ ವಾರದ ಅಸೈನ್‌ಮೆಂಟುಗಳಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಕೊನೆಯ ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರ ಬೇಕಾದರೆ 25ರಲ್ಲಿ 10, 75ರಲ್ಲಿ 30, ಎರಡೂ ಬೇರೆಬೇರೆಯಾಗಿ ದಾಟಬೇಕು. ಕೊನೆಯಲ್ಲಿ ಕುಳಿತು ಓದಿಬಿಡುತ್ತೇನೆ ಎಂದುಕೊಂಡ ಜಾಣ ಪರೀಕ್ಷೆಯಲ್ಲಿ 70 ತೆಗೆದರೂ ಅಸೈನ್‌ಮೆಂಟಿನಲ್ಲಿ 8 ಇದ್ದರೆ ಬರಿಗೈ. ನಮ್ಮಲ್ಲಿ ಹಳೆಯ ಪದ್ಧತಿ ಪರೀಕ್ಷೆಯ ಹಿಂದಿನ ರಾತ್ರಿಯ ಓದನ್ನು ಒಪ್ಪಿಕೊಂಡುಬಿಟ್ಟಿದೆ. ಆ ಅಭ್ಯಾಸದಲ್ಲಿ ಬೆಳೆದವರಿಗೆ ಇಲ್ಲಿ ಆಟದ ನಿಯಮ ಬೇರೆ ಎಂದು ಎದ್ದು ಕಾಣುವ ಹಾಗೆ ಹೇಳಬೇಕು.

ಇದೇ ವ್ಯವಸ್ಥೆಯಲ್ಲಿ ಮೆಚ್ಚಬೇಕಾದ ಒಂದು ಅಂಶವೂ ಇದೆ. ಹನ್ನೆರಡು ಅಸೈನ್‌ಮೆಂಟುಗಳಲ್ಲಿ ಹೆಚ್ಚು ಅಂಕ ಬಂದ ಎಂಟನ್ನು ಮಾತ್ರ ಎಣಿಸುತ್ತಾರೆ. ಜ್ವರ ಬಂತು, ಊರಿನಲ್ಲಿ ಮದುವೆ, ನೆಟ್ ಕೈಕೊಟ್ಟಿತು ಎಂದು ಯಾರ ಮುಂದೆಯೂ ಅಂಗಲಾಚಬೇಕಿಲ್ಲ. ನಾಲ್ಕು ವಾರದ ರಿಯಾಯಿತಿ ನಿಯಮದೊಳಗೇ ಇದೆ. ಬಿಗಿಯಾದ ಗಡುವು, ಗಡುವಿನೊಳಗೇ ಎಲ್ಲರಿಗೂ ಒಂದೇ ಅಳತೆಯ ಸಡಿಲು. ಇವೆರಡನ್ನೂ ಮೊದಲೇ ಹೇಳಿದಾಗ ನಿಯಮ ನ್ಯಾಯದಂತೆ ಕಾಣುತ್ತದೆ. ಹೇಳದೆ ಒಬ್ಬೊಬ್ಬರಿಗೆ ಒಂದೊಂದು ರಿಯಾಯಿತಿ ಕೊಟ್ಟರೆ ಕೇಳಲು ಧೈರ್ಯವಿದ್ದವನಿಗೆ ಮಾತ್ರ ಸಿಗುತ್ತದೆ.

ಒಂದು ದಿನದ ತಡ

ಆನ್‌ಲೈನ್ ಕೋರ್ಸುಗಳನ್ನು ಅರ್ಧಕ್ಕೇ ಬಿಡುವವರ ಬಗ್ಗೆ ಲೋಕದಲ್ಲೆಲ್ಲ ಲೆಕ್ಕ ಇಟ್ಟಿದ್ದಾರೆ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿಗಳು (ಪೌಡ್ ರಸ್ತೆಯ ಎಂಐಟಿ ಅಲ್ಲ) ಎಡೆಕ್ಸ್ ವೇದಿಕೆಯಲ್ಲಿ ನಡೆಸಿದ ಕೋರ್ಸುಗಳ ಆರು ವರ್ಷದ ದಾಖಲೆಯನ್ನು ಜಸ್ಟಿನ್ ರೈಕ್ ಮತ್ತು ಹೊಸೆ ರುಯಿಪೆರೆಸ್ ವಾಲಿಯೆಂತೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಸರು ನೋಂದಾಯಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾಠದ ಪುಟವನ್ನೇ ತೆರೆದಿರಲಿಲ್ಲ. 2017-18ರಲ್ಲಿ ಕೋರ್ಸು ಮುಗಿಸಿದವರು ನೂರಕ್ಕೆ ಮೂರು ಜನ. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರನ್ನು ಮಾತ್ರ ಎಣಿಸಿದರೆ ನೂರಕ್ಕೆ 46. ಮುಗಿಸಲೇಬೇಕೆಂದು ಸೇರಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ದಾರಿಯಲ್ಲೇ ಉಳಿದರು.

ಇವರೆಲ್ಲ ಸೋಮಾರಿಗಳೇ? ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ತಾವೇ ಕಲಿಸಿದ ಬಡತನ ಕುರಿತ ಆನ್‌ಲೈನ್ ಕೋರ್ಸಿನ ವಿದ್ಯಾರ್ಥಿಗಳನ್ನು ಅಭ್ಯಾಸ ಮಾಡಿ 2014ರಲ್ಲಿ ಬರೆದರು. ಗಡುವಿಗೆ ಸರಿಯಾಗಿ ಸೇರಿದವರಿಗಿಂತ ಒಂದೇ ದಿನ ತಡವಾಗಿ ಸೇರಿದವರು ಪ್ರಮಾಣಪತ್ರ ಪಡೆಯುವ ಸಾಧ್ಯತೆ 17 ಶೇಕಡಾ ಅಂಶಗಳಷ್ಟು ಕಡಿಮೆ ಇತ್ತು. ಒಂದು ದಿನದಲ್ಲಿ ಯಾರ ಬುದ್ಧಿಯೂ ಕಡಿಮೆಯಾಗುವುದಿಲ್ಲ. ಆ ಒಂದು ದಿನ ತೋರಿಸುವುದು ಕೆಲಸವನ್ನು ಹೊಂದಿಸಿಕೊಳ್ಳುವ ಅಭ್ಯಾಸವನ್ನು. ತರಗತಿಯಲ್ಲಿ ಈ ಹೊಂದಾಣಿಕೆಯ ಭಾರವನ್ನು ವೇಳಾಪಟ್ಟಿ ಹೊರುತ್ತಿತ್ತು. ಆನ್‌ಲೈನಿನಲ್ಲಿ ಅದು ಪೂರ್ತಿಯಾಗಿ ವಿದ್ಯಾರ್ಥಿಯ ಹೆಗಲೇರುತ್ತದೆ, ಅದೂ ಒಂದು ಮಾತು ಹೇಳದೆ.

ಹೊಂದಿಸಿಕೊಳ್ಳುವ ಅಭ್ಯಾಸ ಮನೆಯ ಸೌಕರ್ಯವನ್ನೂ ನೆಚ್ಚಿಕೊಂಡಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ 2017-18ರಲ್ಲಿ ಇಂಟರ್ನೆಟ್ ಸೌಲಭ್ಯವಿದ್ದ ಮನೆಗಳು ಪಟ್ಟಣಗಳಲ್ಲಿ ನೂರಕ್ಕೆ 42, ಹಳ್ಳಿಗಳಲ್ಲಿ 15. ಕಂಪ್ಯೂಟರ್ ಇದ್ದ ಮನೆಗಳು ಪಟ್ಟಣದಲ್ಲಿ 23, ಹಳ್ಳಿಯಲ್ಲಿ ಬರೀ 4. ಆಮೇಲೆ ಮೊಬೈಲ್ ಎಲ್ಲೆಡೆ ಹರಡಿದೆ ನಿಜ. ಆದರೆ ಆರಿಂಚಿನ ಪರದೆಯಲ್ಲಿ ಪಾಠ ನೋಡಿ, ಅದರಲ್ಲೇ ಹತ್ತು ಪುಟದ ವರದಿ ಟೈಪ್ ಮಾಡಿ, ಅದನ್ನೇ ಪಿಡಿಎಫ್ ಮಾಡಿ ಹಾಕುವವನಿಗೆ ಲ್ಯಾಪ್‌ಟಾಪ್ ಇದ್ದವನ ಎರಡರಷ್ಟು ಹೊತ್ತು ಬೇಕಾದರೆ ಆಶ್ಚರ್ಯವಿಲ್ಲ. ಕೋರ್ಸಿಗೆ ಮೊಬೈಲ್ ಸಾಕೇ, ಕಂಪ್ಯೂಟರ್ ಬೇಕೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಹೇಳುವುದು ಪ್ರಾಮಾಣಿಕತೆಯ ಪ್ರಶ್ನೆ.

ಗೊತ್ತಿದ್ದವರು, ಗೊತ್ತಿಲ್ಲದವರು

ಹೇಳದೆ ಉಳಿದ ನಿರೀಕ್ಷೆಗಳು ಯಾರಿಗೆ ಹೊರೆಯಾಗುತ್ತವೆ? ಅಮೆರಿಕದ ಸಮಾಜಶಾಸ್ತ್ರಜ್ಞ ಆಂಥನಿ ಅಬ್ರಹಾಂ ಜ್ಯಾಕ್ 2019ರಲ್ಲಿ ಪ್ರಕಟಿಸಿದ ‘ದಿ ಪ್ರಿವಿಲೆಜ್ಡ್ ಪೂರ್’ ಪುಸ್ತಕದಲ್ಲಿ ದೊಡ್ಡ ಕಾಲೇಜೊಂದಕ್ಕೆ ಬಂದ ಬಡ ವಿದ್ಯಾರ್ಥಿಗಳ ಅನುಭವವಿದೆ. ತಾವು ಇಂಥ ದಿನ ಇಷ್ಟು ಗಂಟೆಗೆ ಕೋಣೆಯಲ್ಲಿ ಸಿಗುತ್ತೇವೆ ಎಂದು ಅಲ್ಲಿನ ಅಧ್ಯಾಪಕರು ಮೊದಲ ದಿನವೇ ಪ್ರಕಟಿಸುತ್ತಾರೆ. ಆ ಹೊತ್ತು ಯಾತಕ್ಕೆ, ಹೋಗಿ ಏನು ಕೇಳಬಹುದು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಉಳ್ಳವರ ಮನೆಯ ಮಕ್ಕಳು ಸಲೀಸಾಗಿ ಹೋಗಿ ಕುಳಿತು ಮಾತಾಡಿ, ಮುಂದೆ ಶಿಫಾರಸು ಪತ್ರವನ್ನೂ ಪಡೆಯುತ್ತಾರೆ. ಉಳಿದವರು ಮೇಷ್ಟರಿಗೆ ತೊಂದರೆ ಕೊಡಬಾರದೆಂದು ದೂರ ನಿಲ್ಲುತ್ತಾರೆ.

ನಮ್ಮಲ್ಲಿ ಈ ಸಂಕೋಚಕ್ಕೆ ಇನ್ನೂ ಬಣ್ಣಗಳಿವೆ. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿ, ಹೈಸ್ಕೂಲಿಗೆ ಮರಾಠಿಗೆ ಹೊರಳಿ, ಪದವಿಗೆ ಪುಣೆಗೆ ಬಂದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳಿಗೆ ವಿಷಯ ಅರ್ಥವಾಗದೆ ಇರುವುದಿಲ್ಲ. ಇಂಗ್ಲಿಷಿನಲ್ಲಿ ‘ಸರ್’ಗೆ ಇಮೇಲ್ ಬರೆಯುವುದು ಹೇಗೆ, ಎರಡು ದಿನ ಉತ್ತರ ಬರದಿದ್ದರೆ ಮತ್ತೆ ಕೇಳಬಹುದೇ, ಹಾಗೆ ಕೇಳಿದರೆ ಸೊಕ್ಕು ಅನ್ನಿಸೀತೇ ಎಂಬುದೇ ಅವಳ ಚಿಂತೆ. ಗಡುವು ಮುಂದಕ್ಕೆ ಹಾಕಿಸಿಕೊಳ್ಳಬಹುದು ಎಂಬುದೇ ಅವಳಿಗೆ ಗೊತ್ತಿರುವುದಿಲ್ಲ. ಪಕ್ಕದ ಫ್ಲ್ಯಾಟಿನ ಹುಡುಗಿಗೆ ಅಮ್ಮ ಊಟಕ್ಕೆ ಬಡಿಸುತ್ತಲೇ ‘ಒಂದು ಮೇಲ್ ಹಾಕಿ ಕೇಳು, ಕೊಡ್ತಾರೆ’ ಎಂದಿರುತ್ತಾಳೆ. ಇಬ್ಬರಿಗೂ ಒಂದೇ ಪಾಠ, ಒಂದೇ ಪರೀಕ್ಷೆ. ಓಟದ ಗೆರೆ ಮಾತ್ರ ಒಂದೇ ಕಡೆ ಇಲ್ಲ.

ಭಾಷೆಯ ವಿಷಯದಲ್ಲೂ ಮುಚ್ಚುಮರೆ ಬೇಡ. ಎನ್‌ಪಿಟಿಇಎಲ್‌ನ ಕೆಲವು ಕೋರ್ಸುಗಳ ಪಾಠಗಳು ಕನ್ನಡ, ಮರಾಠಿ ಸೇರಿದಂತೆ ಹಲವು ಭಾಷೆಗಳಿಗೆ ಅನುವಾದವಾಗಿವೆ. ಅದು ಇದೆ ಎಂದು ಗೊತ್ತಿದ್ದರೆ ತಾನೇ ತೆರೆದು ನೋಡುವುದು? ಪ್ರಶ್ನೆ ಕೇಳುವಾಗ ಮರಾಠಿ, ಹಿಂದಿ, ಕನ್ನಡ ಬೆರೆಸಿದರೂ ನಡೆಯುತ್ತದೆ, ಕೊನೆಯ ಉತ್ತರ ಮಾತ್ರ ಇಂಗ್ಲಿಷಿನಲ್ಲಿರಬೇಕು ಎಂದು ಒಂದು ವಾಕ್ಯ ಬರೆದರೆ ಬಾಯಿ ಕಟ್ಟಿಕೊಂಡು ಕೂತವರು ಮಾತಾಡುತ್ತಾರೆ.

ಬಿಡಿಸಿ ಬರೆಯುವುದೆಂದರೆ

ಹಾಗಾದರೆ ನಿಯಮಗಳ ಉದ್ದನೆಯ ಪಟ್ಟಿ ಕೊಟ್ಟರಾಯಿತೇ? ಅಂಥ ಪಟ್ಟಿಗಳಿಗೆ ಬರವಿಲ್ಲ. ‘ವಿದ್ಯಾರ್ಥಿಗಳು ಚರ್ಚೆಯಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳತಕ್ಕದ್ದು’ ಎಂಬ ವಾಕ್ಯ ಆದೇಶದಂತೆ ಕಾಣುತ್ತದೆ, ಮಾಹಿತಿ ಏನೂ ಇಲ್ಲ. ಅದನ್ನೇ ಹೀಗೆ ಬರೆಯಬಹುದು: ‘ಪ್ರತಿ ಬುಧವಾರ ರಾತ್ರಿಯೊಳಗೆ ಆ ವಾರದ ಪಾಠದ ಬಗ್ಗೆ ಒಂದು ಪ್ರಶ್ನೆ ಹಾಕಿ. ಭಾನುವಾರದೊಳಗೆ ಬೇರೊಬ್ಬರ ಪ್ರಶ್ನೆಗೆ ಉತ್ತರಿಸಿ. ನಾಲ್ಕೈದು ಸಾಲು ಸಾಕು. ಉತ್ತರ ತಪ್ಪಾಗಿದ್ದರೆ ಅಂಕ ಹೋಗುವುದಿಲ್ಲ, ಬರೆಯದಿದ್ದರೆ ಹೋಗುತ್ತದೆ.’ ಮೊದಲನೆಯದನ್ನು ಓದಿದವರು ಹೆದರುತ್ತಾರೆ. ಎರಡನೆಯದನ್ನು ಓದಿದವರಿಗೆ ಮಾಡಬೇಕಾದ ಕೆಲಸ ಕಾಣುತ್ತದೆ.

ಅಸೈನ್‌ಮೆಂಟಿಗೂ ಇದೇ ಮಾತು. ಹಿಂದಿನ ವರ್ಷದ ಒಂದು ಒಳ್ಳೆಯ ಉತ್ತರ, ಒಂದು ಸಾಧಾರಣ ಉತ್ತರವನ್ನು ಹೆಸರು ಅಳಿಸಿ ಪಕ್ಕಪಕ್ಕ ಇಟ್ಟು, ಮೊದಲನೆಯದಕ್ಕೆ ಏಕೆ ಹೆಚ್ಚು ಅಂಕ ಬಂತೆಂದು ಎರಡು ಸಾಲು ಬರೆದರೆ ಹತ್ತು ಪುಟದ ಮೌಲ್ಯಮಾಪನ ಸೂತ್ರಕ್ಕಿಂತ ಹೆಚ್ಚು ತಿಳಿಯುತ್ತದೆ.

ಮೈಕ್ ಮತ್ತು ಕ್ಯಾಮೆರಾ ವಿಷಯದಲ್ಲಿ ಹಟಕ್ಕಿಂತ ವಿವೇಕ ಲೇಸು. ಕ್ಯಾಮೆರಾ ಆನ್ ಮಾಡುವುದೆಂದರೆ ಮನೆಯ ಗೋಡೆ, ನೇತುಹಾಕಿದ ಬಟ್ಟೆ, ಹಿಂದೆ ಓಡಾಡುವ ರೂಂಮೇಟ್ ಎಲ್ಲವನ್ನೂ ತೋರಿಸುವುದು. ಅಭ್ಯಾಸಿಕಾದಲ್ಲಿ ಕೂತವನಿಗೆ ಮೈಕ್ ಅಸಾಧ್ಯ, ಚಾಟ್‌ನಲ್ಲಿ ಬರೆಯುವುದು ಸಾಧ್ಯ. ಮಾತಿನಲ್ಲಿ ಉತ್ತರಿಸಲೇಬೇಕಾದ ದಿನಗಳು ಯಾವುವೆಂದು ಎರಡು ವಾರ ಮೊದಲೇ ತಿಳಿಸಿದರೆ ಆ ದಿನಕ್ಕೆ ಅವನು ಬೇರೆ ಜಾಗ ಹುಡುಕಿಕೊಳ್ಳುತ್ತಾನೆ.

ವಾಟ್ಸ್ಆ್ಯಪ್ ಗುಂಪು ಇನ್ನೊಂದು ಗೋಜಲು. ಶುಭಾಶಯ, ಗಡುವು, ಜೋಕು, ಪರೀಕ್ಷೆಯ ದಿನಾಂಕ ಎಲ್ಲ ಒಂದೇ ಪ್ರವಾಹದಲ್ಲಿ ಹರಿದು ಹೋಗುತ್ತವೆ. ಗುಂಪಿಗೆ ಸೇರಿದ ಕೂಡಲೇ ಪ್ರತಿ ಹುಡುಗಿಯ ಫೋನ್ ನಂಬರು ಅಪರಿಚಿತರಿಗೂ ಕಾಣತೊಡಗುತ್ತದೆ. ಅಧಿಕೃತ ಸೂಚನೆ ಬರುವ ಜಾಗ ಒಂದೇ ಇರಬೇಕು, ಅಲ್ಲಿ ಬಾರದ ಮಾತು ನಿಯಮವಲ್ಲ ಎಂದು ಮೊದಲೇ ಹೇಳಬೇಕು. ಗುಂಪಿಗೆ ಸೇರುವುದು ಅವರವರ ಇಷ್ಟಕ್ಕೆ ಬಿಟ್ಟದ್ದಾಗಿರಬೇಕು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇನ್ನೊಂದು ಸಾಲು ಸೇರಿಸಲೇಬೇಕಾಗಿದೆ. ‘ಎಐ ಬಳಸಬಾರದು’ ಎಂಬ ಒಂದೇ ವಾಕ್ಯ ಯಾರನ್ನೂ ತಡೆದಂತಿಲ್ಲ. ಇಂಗ್ಲಿಷ್ ತಿದ್ದಿಸಿಕೊಳ್ಳಬಹುದೇ? ಪಾಠದ ಸಾರಾಂಶ ಕೇಳಬಹುದೇ? ಉತ್ತರವನ್ನೇ ಬರೆಸಬಹುದೇ? ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸಿಕೊಂಡರೆ ಅದು ನಕಲೇ? ಈ ನಾಲ್ಕಕ್ಕೂ ನಾಲ್ಕು ಉತ್ತರಗಳಿರಬಹುದು. ಪ್ರತಿ ಅಸೈನ್‌ಮೆಂಟಿನ ಕೆಳಗೆ ಯಾವುದು ಸರಿ, ಯಾವುದು ಸಲ್ಲದು ಎಂದು ಬರೆಯದಿದ್ದರೆ ಪ್ರಾಮಾಣಿಕ ವಿದ್ಯಾರ್ಥಿ ಹೆದರಿ ಸಣ್ಣ ಸಹಾಯವನ್ನೂ ಬಿಡುತ್ತಾನೆ, ಚಾಲಾಕಿ ಎಲ್ಲವನ್ನೂ ಬರೆಸುತ್ತಾನೆ.

ಕೊನೆಗೆ ಊರಿನ ಪಂಚಾಂಗ. ಜುಲೈಯಲ್ಲಿ ಶುರುವಾಗುವ 12 ವಾರದ ಕೋರ್ಸು ಗಣೇಶೋತ್ಸವವನ್ನು ದಾಟಿಯೇ ಹೋಗಬೇಕು. ಢೋಲ್ ತಾಶಾ ಪಥಕಗಳ ತಾಲೀಮು ಹಬ್ಬಕ್ಕೆ ವಾರಗಳ ಮೊದಲೇ ಸಂಜೆಯ ಹೊತ್ತಿಗೆ ಶುರುವಾಗುತ್ತದೆ. ಅನಂತ ಚತುರ್ದಶಿಯ ವಿಸರ್ಜನೆ ಮೆರವಣಿಗೆ ಮರುದಿನದವರೆಗೂ ಎಳೆಯುತ್ತದೆ. ದುರಸ್ತಿಗೆಂದು ಗುರುವಾರ ನೀರು, ಕರೆಂಟು ನಿಲ್ಲಿಸುವ ರೂಢಿಯ ಊರಿನಲ್ಲಿ ಗುರುವಾರ ಮಧ್ಯಾಹ್ನ ಆನ್‌ಲೈನ್ ಟೆಸ್ಟ್ ಇಟ್ಟವರು ವಿದ್ಯಾರ್ಥಿಗಳ ದಿನಚರಿ ನೋಡಿಲ್ಲವೆಂದೇ ಅರ್ಥ.

ಅಧ್ಯಾಪಕರ ಪಾಲಿನ ಮಾತು

ಇಲ್ಲಿಯವರೆಗಿನದು ವಿದ್ಯಾರ್ಥಿ ಏನು ಮಾಡಬೇಕು ಎಂಬುದು. ಕರಾರಿಗೆ ಎರಡು ಕಡೆಯ ಸಹಿ ಬೇಕು. 1987ರಲ್ಲಿ ಆರ್ಥರ್ ಚಿಕರಿಂಗ್ ಮತ್ತು ಝೆಲ್ಡಾ ಗ್ಯಾಮ್ಸನ್ ಪದವಿ ಬೋಧನೆಗೆ ಏಳು ಸೂತ್ರಗಳನ್ನು ಬರೆದರು. ವಿದ್ಯಾರ್ಥಿಗಳಿಂದ ಹೆಚ್ಚಿನದನ್ನು ನಿರೀಕ್ಷಿಸಿ ಎಂಬುದು ಅವುಗಳಲ್ಲೊಂದು. ಅದೇ ಪಟ್ಟಿಯಲ್ಲಿ ಬೇಗ ಪ್ರತಿಕ್ರಿಯೆ ಕೊಡಿ ಎಂಬುದೂ ಇದೆ. ನಮ್ಮಲ್ಲಿ ಮೊದಲನೆಯದನ್ನು ನೆನಪಿಟ್ಟವರು ಎರಡನೆಯದನ್ನು ಮರೆಯುತ್ತಾರೆ.

ದೂರಶಿಕ್ಷಣದ ಚಿಂತಕ ಮೈಕಲ್ ಮೂರ್ ಹೇಳುವ ದೂರ ಕಿಲೋಮೀಟರಿನದಲ್ಲ. ಕೋರ್ಸು ಎಷ್ಟು ಬಿಗಿ, ಅದರಲ್ಲಿ ಮಾತುಕತೆಗೆ ಎಷ್ಟು ಎಡೆ, ವಿದ್ಯಾರ್ಥಿ ತಾನಾಗಿ ಎಷ್ಟು ಸಾಗಬಲ್ಲ ಎಂಬ ಮೂರು ಸೇರಿ ಆ ದೂರವನ್ನು ನಿರ್ಧರಿಸುತ್ತವೆ. ಇನ್ನೂರು ಜನರ ಉಪನ್ಯಾಸ ಸಭಾಂಗಣದ ಕೊನೆಯ ಬೆಂಚಿನಲ್ಲಿ ಕೂತವನು ಅಧ್ಯಾಪಕರಿಗೆ ಬಲು ದೂರ ಇರಬಹುದು. ವಾರಕ್ಕೊಮ್ಮೆ ತನ್ನ ಹೆಸರು ಹಿಡಿದು ಬರೆದ ಎರಡು ಸಾಲಿನ ಉತ್ತರ ಪಡೆಯುವವನು ಕಲಬುರಗಿಯಲ್ಲಿದ್ದರೂ ಹತ್ತಿರದಲ್ಲಿರುತ್ತಾನೆ.

ಆದ್ದರಿಂದ ಅಧ್ಯಾಪಕರೂ ಮಾತು ಕೊಡಬೇಕು: ಪ್ರಶ್ನೆಗೆ ಎರಡು ಕೆಲಸದ ದಿನದೊಳಗೆ ಉತ್ತರ, ಅಸೈನ್‌ಮೆಂಟಿಗೆ ಹತ್ತು ದಿನದೊಳಗೆ ಅಂಕ, ಇಂಥ ದಿನ ಇಷ್ಟು ಗಂಟೆಗೆ ಯಾವ ಪ್ರಶ್ನೆಯನ್ನಾದರೂ ತರಬಹುದು. ಜೊತೆಗೆ ಆಗದ್ದನ್ನೂ ಹೇಳಬೇಕು: ರಾತ್ರಿ ಒಂಬತ್ತರ ಮೇಲೆ ಉತ್ತರವಿಲ್ಲ, ಭಾನುವಾರ ರಜೆ. ಮಧ್ಯರಾತ್ರಿಯ ‘ಸರ್, ಒಂದು ಡೌಟು’ಗಳಿಂದ ದಣಿದ ಅಧ್ಯಾಪಕರಿಗೂ ಇದು ರಕ್ಷಣೆ. ಗಂಟೆಗಂಟೆಗೆ ಫೋನ್ ನೋಡುತ್ತ ಕಾಯುವುದು ವಿದ್ಯಾರ್ಥಿಗೂ ತಪ್ಪುತ್ತದೆ.

ಕಾಲೇಜುಗಳ ಪಾಲೂ ಇದೆ. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಸ್ವಯಂ ವೇದಿಕೆಯಲ್ಲಿ ಮಾಡಲು ಯುಜಿಸಿಯ 2021ರ ನಿಯಮ ಅವಕಾಶ ಕೊಡುತ್ತದೆ. ಅದರ ಜೊತೆಗೆ ಜವಾಬ್ದಾರಿಯೂ ಬಂತು. ದೂರದ ಐಐಟಿಯ ಪ್ರಾಧ್ಯಾಪಕರು ಸಾವಿರಾರು ಜನರಿಗೆ ಪಾಠ ಹೇಳುವಾಗ ಒಬ್ಬೊಬ್ಬರ ತೊಡಕು ಕೇಳಲಾರರು. ಕೋಥರೂಡದ ಕಾಲೇಜಿನಲ್ಲೇ ಒಬ್ಬ ಅಧ್ಯಾಪಕರು ವಾರಕ್ಕೊಂದು ಗಂಟೆ ಆ ಕೋರ್ಸಿನವರನ್ನು ಕೂರಿಸಿಕೊಂಡು ಮಾತಾಡಿಸಬೇಕು, ಆ ಗಂಟೆಯನ್ನು ಅವರ ಕೆಲಸದ ಲೆಕ್ಕಕ್ಕೂ ಹಿಡಿಯಬೇಕು. ಲಿಂಕ್ ಕಳಿಸಿ ಕೈತೊಳೆದುಕೊಂಡರೆ ಕ್ರೆಡಿಟ್ ಹಂಚಿದಂತಾಗುತ್ತದೆ, ಕಲಿಸಿದಂತಾಗುವುದಿಲ್ಲ.

ಕಾಗದದ ಮಿತಿ

ಇಷ್ಟೆಲ್ಲ ಬಿಡಿಸಿ ಹೇಳುವುದು ಮಕ್ಕಳಿಗೆ ಬಾಯಿಗೆ ತುತ್ತಿಟ್ಟಂತಲ್ಲವೇ ಎಂದು ಹಿರಿಯ ಅಧ್ಯಾಪಕರು ಕೇಳುವುದುಂಟು. ತಾವಾಗಿಯೇ ತಿಳಿದುಕೊಳ್ಳುವುದೂ ಕಲಿಕೆಯ ಭಾಗ ಎಂಬ ಅವರ ಮಾತಿನಲ್ಲಿ ಸತ್ಯವಿದೆ. ಆದರೆ ತಾವಾಗಿ ತಿಳಿಯಬೇಕಾದದ್ದು ಪಾಠದ ವಿಷಯವನ್ನು. ಅಸೈನ್‌ಮೆಂಟ್ ಯಾವ ಬಟನ್ ಒತ್ತಿದರೆ ಹೋಗುತ್ತದೆ, ಯಾರಿಗೆ ಬರೆಯಬೇಕು ಎಂಬುದನ್ನು ಒಗಟಾಗಿಸಿದರೆ ಪಾಠ ಆಳವಾಗುವುದಿಲ್ಲ. ದಾರಿ ಸುಲಭವಾಗಿರಲಿ, ಬೆಟ್ಟ ಎತ್ತರವಾಗಿಯೇ ಇರಲಿ.

ಬರೆದಿಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎಂಬುದಕ್ಕೂ ಪುರಾವೆ ಇದೆ. ರೆನೆ ಕಿಜಿಲ್‌ಚೆಕ್ ಮತ್ತು ಸಂಗಡಿಗರು ಸುಮಾರು 250 ಆನ್‌ಲೈನ್ ಕೋರ್ಸುಗಳ ಎರಡೂವರೆ ಲಕ್ಷ ವಿದ್ಯಾರ್ಥಿಗಳೊಂದಿಗೆ ನಡೆಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಯಾವಾಗ, ಎಲ್ಲಿ ಕೂತು ಓದುತ್ತೀರಿ ಎಂಬ ಯೋಜನೆಯನ್ನು ಮೊದಲ ದಿನ ಬರೆಸಿದರೆ ಮೊದಲ ಕೆಲವು ವಾರ ವಿದ್ಯಾರ್ಥಿಗಳು ಹೆಚ್ಚು ತೊಡಗಿಕೊಂಡರು. ಕೋರ್ಸು ಮುಗಿಸುವವರ ಸಂಖ್ಯೆ ಮಾತ್ರ ಏರಲಿಲ್ಲ. ಮೊದಲ ವಾರದ ಮಾತು ಮೊದಲ ವಾರಗಳಿಗಷ್ಟೇ ಸಾಕು ಎಂದಾಯಿತು. ಮೂರನೆಯ ವಾರ ಅಸೈನ್‌ಮೆಂಟ್ ಕೊಡದವರಿಗೆ ಒಂದು ಫೋನು, ಆರನೆಯ ವಾರ ‘ಎಲ್ಲಿ ತೊಡಕಾಗುತ್ತಿದೆ’ ಎಂಬ ಪುಟ್ಟ ಸಮೀಕ್ಷೆ, ಅದಕ್ಕೆ ತಕ್ಕಂತೆ ಬದಲಾದ ಗಡುವು. ಕರಾರನ್ನು ಮತ್ತೆಮತ್ತೆ ತೆರೆದು ನೋಡದಿದ್ದರೆ ಅದು ಪ್ರವೇಶ ಅರ್ಜಿಯ ಹಿಂದೆ ಸಣ್ಣಕ್ಷರದಲ್ಲಿ ಅಚ್ಚಾದ ಷರತ್ತಾಗಿಬಿಡುತ್ತದೆ.

ಸೇರುವ ಮೊದಲು ಐದು ಪ್ರಶ್ನೆ

ಕಾಲೇಜು ತಾನಾಗಿ ಹೇಳುವವರೆಗೆ ವಿದ್ಯಾರ್ಥಿಗಳು ಕಾಯಬೇಕಿಲ್ಲ. ಪುಣೆಯಲ್ಲಿರಲಿ, ಧಾರವಾಡದಲ್ಲಿರಲಿ, ಮನೆಯಲ್ಲೇ ಕೂತು ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರುವವರಿರಲಿ, ಮೊದಲೇ ಕೇಳಬಹುದಾದ ಐದು ಪ್ರಶ್ನೆಗಳಿವೆ. ವೀಡಿಯೊ ಬಿಟ್ಟು ವಾರಕ್ಕೆ ಎಷ್ಟು ಗಂಟೆ ಕೆಲಸ? ಪಾಸಾಗಲು ಯಾವ ಯಾವ ಭಾಗದಲ್ಲಿ ಬೇರೆಬೇರೆಯಾಗಿ ಎಷ್ಟು ಅಂಕ ಬೇಕು, ಗಡುವು ತಪ್ಪಿದರೆ ಏನು? ಪ್ರಶ್ನೆ ಕೇಳಬೇಕಾದದ್ದು ಯಾರಿಗೆ, ಎಷ್ಟು ದಿನದಲ್ಲಿ ಉತ್ತರ? ಮೊಬೈಲ್ ಒಂದೇ ಇದ್ದರೆ ಸಾಕೇ, ಪರೀಕ್ಷೆಗೆ ಎಲ್ಲಿಗೆ ಹೋಗಬೇಕು? ಎಐ, ಅನುವಾದ, ಗೆಳೆಯರ ನೆರವು ಇವುಗಳಲ್ಲಿ ಯಾವುದು ಸಲ್ಲುತ್ತದೆ?

ಹೀಗೆ ಕೇಳಿದರೆ ಅಧಿಕಪ್ರಸಂಗ ಎನ್ನಿಸೀತೇ ಎಂಬ ಅಳುಕು ಬೇಡ. ದುಡ್ಡು ಕಟ್ಟುವವರು ನೀವು, 90 ಗಂಟೆ ಕೊಡುವವರೂ ನೀವು. ಈ ಐದಕ್ಕೆ ಒಂದು ಪುಟದಲ್ಲಿ ಉತ್ತರ ಕೊಡಲಾಗದ ಕೋರ್ಸಿನ ಜಾಹೀರಾತು ಎಷ್ಟೇ ಬಣ್ಣದ್ದಾಗಿರಲಿ, ಶುಲ್ಕ ಕಟ್ಟುವುದನ್ನು ಒಂದು ವಾರ ಮುಂದಕ್ಕೆ ಹಾಕಿ ಬೇರೆ ಕೋರ್ಸುಗಳನ್ನೂ ನೋಡುವುದು ಲೇಸು.